ಬೀದಿಗೆ ಅಂಬೇಡ್ಕರ್ ಹೆಸರು: ಅರ್ಜಿಯಿಂದ ನಾಮಫಲಕದವರೆಗೆ

ಪ್ರಶ್ನೆ: ನಾವಿರುವುದು ಕೊಡಗಿನ ಒಂದು ಪುರಸಭೆಯ ವ್ಯಾಪ್ತಿಯಲ್ಲಿ. ಮುಖ್ಯರಸ್ತೆಯಿಂದ ಒಳಕ್ಕೆ ಹೋಗುವ, ಸುಮಾರು 400 ಮೀಟರ್ ಉದ್ದದ ನಮ್ಮ ಬೀದಿಯನ್ನು ಎಲ್ಲರೂ ‘ಕಾಲೋನಿ ರಸ್ತೆ’ ಎಂದೇ ಕರೆಯುತ್ತಾರೆ. ವಿಳಾಸ ಹೇಳಿದ ಕೂಡಲೇ ಎದುರಿನವರಿಗೆ ನಮ್ಮ ಜಾತಿ ಗೊತ್ತಾಗಿಬಿಡುತ್ತದೆ. ಡಾ. ಅಂಬೇಡ್ಕರ್ ಹೆಸರಿಡಬೇಕೆಂದು ನಮ್ಮ ಹುಡುಗರು ಒಂದು ಫ್ಲೆಕ್ಸ್ ಕಟ್ಟಿದ್ದರು, ಮೂರೇ ದಿನದಲ್ಲಿ ಪುರಸಭೆಯವರು ಬಿಚ್ಚಿಕೊಂಡು ಹೋದರು. ಕಾಗದಪತ್ರ ಎಲ್ಲ ಬದಲಾಯಿಸಬೇಕಾಗುತ್ತದೆ ಎಂದು ಅಂಗಡಿಯವರು ಒಪ್ಪುತ್ತಿಲ್ಲ. ಕೊಡಗಿನವರ ಹೆಸರನ್ನೇ ಇಡಿ ಎನ್ನುವವರೂ ಇದ್ದಾರೆ. ಸರಿಯಾದ ದಾರಿ ಯಾವುದು? ಏಪ್ರಿಲ್ 14ರೊಳಗೆ ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ಫ್ಲೆಕ್ಸ್‌ನಿಂದಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಫಲಕ ಕಟ್ಟುವುದನ್ನು ತಡೆಯಲು 1981ರಿಂದಲೇ ರಾಜ್ಯದಲ್ಲಿ ಕಾಯ್ದೆ ಇದೆ. ಬಿಚ್ಚಿದವರು ಯಾವ ಉದ್ದೇಶದಿಂದ ಬಿಚ್ಚಿದರೋ, ಕಾನೂನು ಅವರ ಕಡೆಗಿತ್ತು. ಪುರಸಭೆಯ ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆದ ಹೆಸರನ್ನು ಹಾಗೆ ಬಿಚ್ಚಿಕೊಂಡು ಹೋಗಲು ಬರುವುದಿಲ್ಲ. ಅಲ್ಲಿಗೆ ತಲುಪುವುದು ಹೇಗೆ ಎಂಬುದನ್ನೇ ಈಗ ನೋಡೋಣ.

ಸಹಿ ಸಂಗ್ರಹಕ್ಕೆ ಹೊರಡುವ ಮೊದಲು ರಸ್ತೆ ಯಾರದ್ದೆಂದು ತಿಳಿದುಕೊಳ್ಳಿ. ಪೇಟೆಯೊಳಗಿನ ರಸ್ತೆಗಳೆಲ್ಲ ಪುರಸಭೆಯವೇ ಎಂದುಕೊಳ್ಳುತ್ತೇವೆ, ಹಾಗಿರುವುದಿಲ್ಲ. ಕುಶಾಲನಗರ, ಮಡಿಕೇರಿಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275ರ ಮೇಲೆ ಸ್ಥಳೀಯ ಸಂಸ್ಥೆ ತಾನಾಗಿ ಒಂದು ಕಂಬವನ್ನೂ ನೆಡುವಂತಿಲ್ಲ. ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಇನ್ನು ಕೆಲವು ಖಾಸಗಿ ಬಡಾವಣೆಯವರು ಮಾಡಿ ಪುರಸಭೆಗೆ ಹಸ್ತಾಂತರಿಸದೆ ಬಿಟ್ಟವು. ಪುರಸಭೆಯ ಎಂಜಿನಿಯರಿಂಗ್ ಶಾಖೆಯಲ್ಲಿ ರಸ್ತೆಗಳ ವಹಿ ಇರುತ್ತದೆ. ಅದರಲ್ಲಿ ನಿಮ್ಮ ರಸ್ತೆಯ ಸಾಲನ್ನು ಹುಡುಕಿಸಿ, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾರ ಬಾಬ್ತು ಎಂಬುದನ್ನು ಬರೆಸಿಕೊಳ್ಳಿ. ರಸ್ತೆ ಬೇರೆ ಇಲಾಖೆಯದ್ದಾದರೆ ಪುರಸಭೆಯ ನಿರ್ಣಯದ ಜೊತೆಗೆ ಆ ಇಲಾಖೆಯ ಒಪ್ಪಿಗೆ ಪತ್ರವೂ ಬೇಕು.

ಎರಡನೆಯದಾಗಿ, ‘ಕಾಲೋನಿ ರಸ್ತೆ’ ಎಂಬುದು ದಾಖಲೆಯಲ್ಲಿರುವ ಹೆಸರೋ ಬಾಯಿಮಾತಿನ ಹೆಸರೋ? ನಿಮ್ಮ ಪ್ರಕರಣದ ಅರ್ಧ ಬಲ ಇದರ ಉತ್ತರದಲ್ಲಿದೆ. ಬೀದಿ, ರಸ್ತೆಗಳ ಹಳೆಯ ಹೆಸರು ಬದಲಾಯಿಸಿದರೆ ಅಂಚೆಯವರಿಗೂ ಜನರಿಗೂ ಗೊಂದಲವಾಗುತ್ತದೆ, ಚರಿತ್ರೆಯ ಅರಿವೂ ಹೋಗುತ್ತದೆ, ಗಣ್ಯರ ಹೆಸರನ್ನು ಹೊಸ ರಸ್ತೆಗಳಿಗೆ ಇಡಬಹುದು ಎಂಬ ಧಾಟಿಯ ಮಾರ್ಗಸೂಚಿಯನ್ನು ಕೇಂದ್ರ ಗೃಹ ಸಚಿವಾಲಯ 1975ರಲ್ಲೇ ಹೊರಡಿಸಿತ್ತು. ಹೆಸರು ಬದಲಾವಣೆಗೆ ಅಡ್ಡಿ ಹೇಳುವವರು ಸಾಮಾನ್ಯವಾಗಿ ಅದನ್ನೇ ಮುಂದಿಡುತ್ತಾರೆ. ಆದರೆ ನಿಮ್ಮ ರಸ್ತೆಗೆ ಯಾವ ನಿರ್ಣಯದಲ್ಲೂ ಹೆಸರಿಟ್ಟಿಲ್ಲವೆಂದಾದರೆ ನೀವು ಕೇಳುತ್ತಿರುವುದು ಮರುನಾಮಕರಣವನ್ನಲ್ಲ, ನಾಮಕರಣವನ್ನು. ಆಗ ಆ ಆಕ್ಷೇಪಕ್ಕೆ ನೆಲೆಯೇ ಇರುವುದಿಲ್ಲ.

ಇದನ್ನು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಬೀದಿಯ ಇತಿಹಾಸ, ಆದ ಅವಮಾನ ಎಲ್ಲವನ್ನೂ ಇದರಲ್ಲಿ ತುಂಬಿಸಿದರೆ ಅರ್ಜಿ ಹಾಗೆಯೇ ವಾಪಸು ಬರುತ್ತದೆ. “ಇಂಥ ವಾರ್ಡಿನ, ಇಲ್ಲಿಂದ ಇಲ್ಲಿಯವರೆಗಿನ ರಸ್ತೆಗೆ ಹೆಸರಿಟ್ಟ ನಿರ್ಣಯವಿದ್ದರೆ ಅದರ ದೃಢೀಕೃತ ನಕಲು ಕೊಡಿ, ಇಲ್ಲದಿದ್ದರೆ ಇಲ್ಲವೆಂದು ಹಿಂಬರಹ ಕೊಡಿ” ಎಂದಷ್ಟೇ ಬರೆಯಿರಿ. ‘ಅಂಥ ನಿರ್ಣಯ ಇರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಕೈಗೆ ಬಂದರೆ, ನೂರು ಸಹಿಗಿಂತ ಹೆಚ್ಚು ಕೆಲಸಕ್ಕೆ ಬರುವ ಕಾಗದ ಅದು.

ದಾಖಲೆಯಲ್ಲೇ ‘ಕಾಲೋನಿ ರಸ್ತೆ’ ಎಂದಿದ್ದರೂ ಕೈಚೆಲ್ಲಬೇಕಿಲ್ಲ. ಜಾತಿ ಸೂಚಿಸುವ ಹೆಸರನ್ನು ಚರಿತ್ರೆಯೆಂದು ಕಾಪಾಡಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಜಾತಿಯ ಹೆಸರು ಹೊತ್ತ ಎಲ್ಲ ಕೇರಿ, ವಸತಿಗಳ ಹೆಸರು ಬದಲಾಯಿಸಲು ಸಂಪುಟದಲ್ಲೇ ತೀರ್ಮಾನಿಸಿತು. ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ.

ಈಗ ಸಹಿ. ಬಿಳಿ ಹಾಳೆಯ ಮೇಲೆ ಸಾಲಾಗಿ ಇನ್ನೂರು ಸಹಿ ಹಾಕಿಸಿಕೊಟ್ಟರೆ ಸಭೆಯಲ್ಲಿ ಬರುವ ಮೊದಲ ಪ್ರಶ್ನೆ, “ಇವರಲ್ಲಿ ಆ ಬೀದಿಯವರು ಎಷ್ಟು ಮಂದಿ?” ಆದ್ದರಿಂದ ಮನೆ ಮನೆಗೆ ಹೋಗಿ, ಬಾಗಿಲು ಸಂಖ್ಯೆ, ಖಾತೆದಾರರ ಹೆಸರು, ಈಗ ವಾಸವಿರುವವರ ಹೆಸರು, ಮನೆಯೋ ಅಂಗಡಿಯೋ, ಒಪ್ಪಿಗೆ ಇದೆ ಅಥವಾ ಇಲ್ಲ, ಸಹಿ ಎಂಬ ಕಲಂಗಳಲ್ಲಿ ತುಂಬಿಸಿ. ಒಪ್ಪದವರ ಹೆಸರನ್ನು ಬಿಡಬೇಡಿ, ಅವರು ಹೇಳಿದ ಕಾರಣವನ್ನೂ ಬರೆದುಕೊಳ್ಳಿ. ಬಾಡಿಗೆಯವರ ಜೊತೆಗೆ ಮಾಲೀಕರ ಸಹಿಯೂ ಇರಲಿ. ಕೊಡಗಿನ ಪೇಟೆಗಳಲ್ಲಿ ಎಷ್ಟೋ ಮಾಲೀಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ, ಅವರಿಂದ ಪತ್ರ ತರಿಸಿಕೊಳ್ಳಲು ಎರಡು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸುಗ್ಗಿ ಹಬ್ಬವಾದ ಪುತ್ತರಿಯ ವಾರವೂ ಬೇಡ.

ಇಷ್ಟೆಲ್ಲ ಯಾಕೆ, ಸದಸ್ಯರಲ್ಲಿ ಬಹುಮತವಿದ್ದರೆ ಸಾಲದೇ ಎಂದು ಕೇಳಬಹುದು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ನಡೆದದ್ದನ್ನು ನೋಡಿ. ಕರಿಯರ ನಾಗರಿಕ ಹಕ್ಕುಗಳ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನು ‘ದಿ ಪಸಿಯೊ’ ಎಂಬ ಹಳೆಯ ಹೆಬ್ಬೀದಿಗೆ ಇಡಲು ನಗರಸಭೆ 2019ರ ಜನವರಿಯಲ್ಲಿ ತೀರ್ಮಾನಿಸಿತು. ರಸ್ತೆಯ ಆಸ್ತಿದಾರರಲ್ಲಿ ಶೇ 75ರಷ್ಟು ಮಂದಿಯ ಒಪ್ಪಿಗೆ ಬೇಕೆಂಬ ತನ್ನದೇ ನಿಯಮವನ್ನು ಅದು ಬದಿಗಿಟ್ಟಿತ್ತು. ಫಲಕಗಳು ಏರಿದವು. ಅದೇ ನವೆಂಬರ್‌ನಲ್ಲಿ ಮತಕ್ಕೆ ಹಾಕಿದಾಗ ಸುಮಾರು ಶೇ 70 ಮಂದಿ ಹಳೆಯ ಹೆಸರೇ ಬೇಕೆಂದರು. ಏರಿದ ಫಲಕಗಳೆಲ್ಲ ಇಳಿದವು. ಆ ರಸ್ತೆಯ ಬಹುಭಾಗ ಹಾದುಹೋಗುವುದು ಕರಿಯರ ವಸತಿಗಳ ನಡುವೆಯೇ. ವಿರೋಧಿಸಿದವರಲ್ಲಿ ಕಿಂಗ್ ಅವರನ್ನು ಗೌರವಿಸುವವರೂ ಇದ್ದರು, ‘ನಮ್ಮನ್ನು ಕೇಳಲಿಲ್ಲ’ ಎಂಬುದು ಅವರ ದೂರು. ಮುಂದೆ 2021ರಲ್ಲಿ ಬೇರೆ ರಸ್ತೆಗಳಿಗೆ ಆ ಹೆಸರು ಬಂತು. ನಿಮ್ಮ ಬೀದಿಯ ಅಂಗಡಿಯವರನ್ನು ನೀವೇ ಮೊದಲು ಹೋಗಿ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಅರ್ಜಿಯನ್ನು ಮುಖ್ಯಾಧಿಕಾರಿಯ ಹೆಸರಿಗೆ ಬರೆಯಿರಿ, ಅಧ್ಯಕ್ಷರಿಗೂ ವಾರ್ಡಿನ ಸದಸ್ಯರಿಗೂ ಪ್ರತಿ ಕೊಡಿ. ಮಡಿಕೇರಿಯಂತೆ ನಗರಸಭೆಯಾದರೆ ಪೌರಾಯುಕ್ತರಿಗೆ, ಗ್ರಾಮ ಪಂಚಾಯಿತಿಯಾದರೆ ಪಿಡಿಒಗೆ, ಜೊತೆಗೆ ಗ್ರಾಮಸಭೆಯಲ್ಲೂ ವಿಷಯ ಬರಬೇಕು. ಸಹಿಪಟ್ಟಿ, ಮಾಹಿತಿ ಹಕ್ಕಿನ ಹಿಂಬರಹ, ರಸ್ತೆ ವಹಿಯ ನಕಲು, ಕೈಯಲ್ಲೇ ಬರೆದ ಒಂದು ನಕ್ಷೆ ಇಷ್ಟನ್ನು ಲಗತ್ತಿಸಿ. ನಕ್ಷೆಯಲ್ಲಿ ರಸ್ತೆಯ ತುದಿಗಳನ್ನು ಅಂಗಡಿಯ ಹೆಸರಿನಿಂದ ಗುರುತಿಸಬೇಡಿ, ಅಂಗಡಿ ಇವತ್ತು ಇದ್ದು ನಾಳೆ ಇರದು. ಸೇತುವೆ, ಶಾಲೆ, ಅಡ್ಡರಸ್ತೆ, ಸರ್ವೆ ಕಲ್ಲು ಇಂಥ ಗುರುತು ಕೊಡಿ. ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು ಸಂಖ್ಯೆ, ಮೊಹರು, ದಿನಾಂಕ ಹಾಕಿಸಿದ ಸ್ವೀಕೃತಿ ಪ್ರತಿ ಪಡೆದುಕೊಳ್ಳಿ. ಸದಸ್ಯರ ಕೈಗೆ ಮಾತ್ರ ಕೊಟ್ಟ ಅರ್ಜಿ ಕಡತವಾಗುವುದೇ ಇಲ್ಲ.

ಸಾಮಾನ್ಯ ಸಭೆಯಲ್ಲಿ ಇದು ಕಾರ್ಯಸೂಚಿಯ ಒಂದು ವಿಷಯವಾಗಿಯೇ ಬರಬೇಕು. ಸಭೆಯ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಎಂದು ತೂರಿಸಿದ ನಿರ್ಣಯವನ್ನು, ನಮಗೆ ಮುಂಚಿತವಾಗಿ ತಿಳಿಸಿರಲಿಲ್ಲ ಎಂದು ಯಾರು ಬೇಕಾದರೂ ಪ್ರಶ್ನಿಸಬಹುದು. ಪುರಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ, ತಡೆಗೆ ಆಸ್ಪದ ಕೊಡಬೇಡಿ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಕುಳಿತಿರುವಾಗ ಆದ ನಿರ್ಣಯಕ್ಕೆ ಬೇರೆ ಬಗೆಯ ದೌರ್ಬಲ್ಯವಿದೆ. ಕಾನೂನಿಗೆ ಅದು ಸಾಕಾದರೂ, ಜನಪ್ರತಿನಿಧಿಗಳಿಲ್ಲದಾಗ ಮಾಡಿಸಿಕೊಂಡರು ಎಂಬ ಮಾತು ಹೆಸರಿನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಮಂಡಳಿ ಬರುವವರೆಗೆ ಕಾಯಿರಿ ಎಂದೇ ನನ್ನ ಸಲಹೆ. ಚುನಾವಣಾ ನೀತಿಸಂಹಿತೆ ಇರುವ ದಿನಗಳಲ್ಲಂತೂ ಈ ವಿಷಯ ಎತ್ತಲೇಬೇಡಿ.

ನಿರ್ಣಯದ ಒಕ್ಕಣೆಯನ್ನು ನೀವೇ ಬರೆದು ಅರ್ಜಿಯ ಜೊತೆ ಕೊಡಿ, ಕಚೇರಿಯವರಿಗೆ ಅನುಕೂಲವಾಗುತ್ತದೆ. ಹೀಗಿರಲಿ: “ವಾರ್ಡ್ ಸಂಖ್ಯೆ … ರಲ್ಲಿ, … ಜಂಕ್ಷನ್‌ನಿಂದ ಆರಂಭವಾಗಿ … ಸೇತುವೆಯವರೆಗಿನ … ಮೀಟರ್ ಉದ್ದದ, ಪುರಸಭೆಯ ರಸ್ತೆ ವಹಿಯ ಕ್ರಮಸಂಖ್ಯೆ … ರ ರಸ್ತೆಗೆ ‘ಡಾ. ಬಿ.ಆರ್. ಅಂಬೇಡ್ಕರ್ ರಸ್ತೆ’ ಎಂದು ನಾಮಕರಣ ಮಾಡಲು, ಈ ಬಗ್ಗೆ ಸಾರ್ವಜನಿಕರಿಂದ 30 ದಿನಗಳೊಳಗೆ ಆಕ್ಷೇಪಣೆ ಆಹ್ವಾನಿಸಲು, ಆಕ್ಷೇಪಣೆಗಳನ್ನು ಪರಿಶೀಲಿಸಿ ಮುಂದಿನ ಸಭೆಯಲ್ಲಿ ಮಂಡಿಸಲು, ಹಾಗೂ ನಾಮಫಲಕದ ವೆಚ್ಚವನ್ನು ಪುರಸಭಾ ನಿಧಿಯಿಂದ ಭರಿಸಲು ತೀರ್ಮಾನಿಸಲಾಯಿತು.” ಕೊನೆಯ ತುಣುಕನ್ನು ಮರೆಯುವವರೇ ಹೆಚ್ಚು. ಹಣದ ಮಾತಿಲ್ಲದ ನಿರ್ಣಯ ಕಡತದಲ್ಲೇ ಉಳಿದು, ಫಲಕಕ್ಕಾಗಿ ಮತ್ತೊಂದು ಅರ್ಜಿ ಹಿಡಿದು ಓಡಾಡಬೇಕಾಗುತ್ತದೆ. ಬಂದ ಆಕ್ಷೇಪಣೆ ಒಂದೇ ಆಗಿದ್ದರೂ ಅದಕ್ಕೆ ಲಿಖಿತ ಉತ್ತರ ಕಡತದಲ್ಲಿರಲಿ. ಆಮೇಲೆ ಎರಡನೆಯ ಸಭೆಯ ಅಂತಿಮ ನಿರ್ಣಯ, ಮೇಲಿನ ಕಚೇರಿಗೆ ಕಳುಹಿಸಿ ಅನುಮೋದನೆ ಪಡೆಯುವ ಹಂತ. ಅಲ್ಲಿ ಕಡತ ಯಾವ ಮೇಜಿನ ಮೇಲಿದೆಯೆಂದು 15 ದಿನಕ್ಕೊಮ್ಮೆ ವಿಚಾರಿಸುವ ಒಬ್ಬರನ್ನು ನೇಮಿಸಿಕೊಳ್ಳಿ.

ಅಂಗಡಿಯವರ ಭಯಕ್ಕೆ ಬರೋಣ. ಅದು ಸುಳ್ಳು ನೆಪವೆಂದು ತಳ್ಳಿಹಾಕಬೇಡಿ, ಆದರೆ ಅವರು ಅಂದುಕೊಂಡಷ್ಟು ದೊಡ್ಡದೂ ಅಲ್ಲ. ಕ್ರಯಪತ್ರವನ್ನು ಮತ್ತೆ ನೋಂದಾಯಿಸಬೇಕಿಲ್ಲ. ಆಸ್ತಿಯನ್ನು ಗುರುತಿಸುವುದು ಸರ್ವೆ ನಂಬರ್, ಖಾತೆ ಸಂಖ್ಯೆ, ಚೆಕ್ಕುಬಂದಿ. ಇ-ಖಾತೆಯ ಆಸ್ತಿ ಸಂಖ್ಯೆ ಬದಲಾಗುವುದಿಲ್ಲ. ವಿದ್ಯುತ್ ಕಂಪನಿಯಾದ ಸೆಸ್ಕ್‌ನವರ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಅದೇ, ಪಿನ್ ಕೋಡ್ ಅದೇ. ಆಧಾರ್‌ನಲ್ಲಿ ಹಳೆಯ ವಿಳಾಸವಿದ್ದ ಮಾತ್ರಕ್ಕೆ ಕಾರ್ಡು ರದ್ದಾಗುವುದಿಲ್ಲ, ಮುಂದೆ ಬೇರೆ ಕಾರಣಕ್ಕೆ ತಿದ್ದಿಸುವಾಗ ಇದನ್ನೂ ತಿದ್ದಿಸಿದರಾಯಿತು. ನಿಜವಾಗಿ ಕೆಲಸ ಬೀಳುವುದು ಜಿಎಸ್‌ಟಿ ನೋಂದಣಿ ಇರುವವರಿಗೆ: ವ್ಯಾಪಾರದ ಸ್ಥಳದ ವಿಳಾಸದಲ್ಲಿ ಬದಲಾವಣೆಯಾದರೆ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಬೇಕು. ಶುಲ್ಕವಿಲ್ಲ, ಅಂತಿಮ ನಿರ್ಣಯದ ನಕಲನ್ನು ಲಗತ್ತಿಸಿದರೆ ಸಾಕಾಗುತ್ತದೆ. ಅಂಥ ಅಂಗಡಿ ನಿಮ್ಮ ಬೀದಿಯಲ್ಲಿ ಹತ್ತೋ ಹದಿನೈದೋ ಇರಬಹುದು. ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಒಂದು ವಾರ ಸಂಜೆ ಹೊತ್ತು ಅವರ ಜೊತೆ ಕುಳಿತು ಮಾಡಿಕೊಟ್ಟರೆ ವಿರೋಧದ ಮುಕ್ಕಾಲು ಪಾಲು ಕರಗುತ್ತದೆ. ಸಹಿ ಕೇಳಲು ಹೋದಾಗಲೇ ಈ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ.

‘ಕೊಡಗಿನವರ ಹೆಸರು ಇಡಿ’ ಎನ್ನುವವರಿಗೆ ಏನು ಹೇಳುವುದು? ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ, ಬ್ರಿಟಿಷರ ವಿರುದ್ಧ ಹೋರಾಡಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರು, ಪ್ರತಿಮೆಗಳು ಈ ನೆಲದಲ್ಲಿ ಇರಬೇಕಾದವೇ. ಆದರೆ ಗಾಂಧೀಜಿ ಇಲ್ಲಿಯವರಲ್ಲ, ಮಡಿಕೇರಿಯ ಮೈದಾನಕ್ಕೆ ಅವರ ಹೆಸರು ನಮಗೆ ಪರಕೀಯವಾಗಿಲ್ಲ. ಅಂಬೇಡ್ಕರ್ ಅವರಿಗೂ ಕೊಡಗಿಗೂ ಇರುವ ನಂಟು ಮತಪೆಟ್ಟಿಗೆಯದು. ಬ್ರಿಟಿಷರ ಕಾಲದಲ್ಲಿ ಕೊಡಗಿನ ಶಾಸನ ಪರಿಷತ್ತಿಗೆ ಮತ ಹಾಕುವ ಹಕ್ಕು ಕೆಲವರಿಗಷ್ಟೇ ಇತ್ತು. ಸಂವಿಧಾನ ಬಂದ ಮೇಲೆ 1952ರಲ್ಲಿ, ಕೊಡಗು ಇನ್ನೂ ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿದ್ದಾಗ, 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆಯಿತು. ತೋಟದ ಯಜಮಾನರಿಗೂ ಒಂದು ಮತ, ಅದೇ ತೋಟದ ಲೈನ್ ಮನೆಯ ಕಾರ್ಮಿಕನಿಗೂ ಒಂದು ಮತ, ಬುಡಕಟ್ಟಿನವರಾದ ಎರವರ ಹಾಡಿಯ ಹೆಂಗಸಿಗೂ ಒಂದು ಮತ. ಆ ಸಮಾನತೆಯನ್ನು ಬರೆದ ಕರಡು ಸಮಿತಿಯ ಅಧ್ಯಕ್ಷರ ಹೆಸರಿಗೆ ಕೊಡಗಿನ ಬೀದಿಯಲ್ಲಿ ಜಾಗ ಇಲ್ಲವೆನ್ನಲು ಸಾಧ್ಯವಿಲ್ಲ. ಅರ್ಜಿಯ ಮೊದಲ ಪುಟದಲ್ಲಿ ಇದನ್ನೇ ನಾಲ್ಕು ಸಾಲಿನಲ್ಲಿ ಬರೆಯಿರಿ.

ಇಲ್ಲಿ ಒಂದು ಮಾತು. ಅಂಬೇಡ್ಕರ್ ಹೆಸರು ಕೇರಿಯೊಳಗಿನ ಬೀದಿಗೆ ಮಾತ್ರ ಸಿಕ್ಕರೆ, ಕೆಲವೇ ವರ್ಷಗಳಲ್ಲಿ ‘ಅಂಬೇಡ್ಕರ್ ರಸ್ತೆ’ ಎನ್ನುವುದೇ ‘ಕಾಲೋನಿ ರಸ್ತೆ’ಗೆ ಇನ್ನೊಂದು ಹೆಸರಾಗಿಬಿಡುತ್ತದೆ. ಅಮೆರಿಕದಲ್ಲೂ ಕಿಂಗ್ ಅವರ ಹೆಸರು ಕರಿಯರ ವಸತಿಗಳ ಗಡಿ ದಾಟುವುದಕ್ಕೇ ಹೆಚ್ಚಿನ ಜಗಳಗಳಾದವು. ಆದ್ದರಿಂದ ಹೆಸರು ಶುರುವಾಗುವ ಜಾಗ ಮುಖ್ಯರಸ್ತೆಯ ಜಂಕ್ಷನ್ನೇ ಆಗಬೇಕೆಂದು ಹಟ ಹಿಡಿಯಿರಿ, ಮೊದಲ ಫಲಕ ಮುಖ್ಯರಸ್ತೆಗೆ ಮುಖ ಮಾಡಿರಲಿ. ಬೀದಿ ಆಚೆ ತುದಿಯಲ್ಲಿ ಶಾಲೆ, ಆಸ್ಪತ್ರೆ, ಮಾರುಕಟ್ಟೆ ಯಾವುದಕ್ಕಾದರೂ ಸೇರುವಂತಿದ್ದರೆ ಅಲ್ಲಿಯವರೆಗೂ ಕೇಳಿ. ನೂರು ಮೀಟರ್ ಹೆಚ್ಚು ಕೇಳಿದ್ದಕ್ಕೆ ಇನ್ನೂ ಹತ್ತು ಮನೆಯ ಒಪ್ಪಿಗೆ ಬೇಕಾಗುತ್ತದೆ, ಆ ಶ್ರಮ ಸಾರ್ಥಕ.

ಹೆಸರಿನ ರೂಪವನ್ನೂ ಈಗಲೇ ಯೋಚಿಸಿ. ಮಹಾತ್ಮ ಗಾಂಧಿ ರಸ್ತೆ ಎಲ್ಲ ಊರಲ್ಲೂ ‘ಎಂ.ಜಿ. ರೋಡ್’ ಆಗಿ, ಗಾಂಧಿ ಆ ಹೆಸರಿನಿಂದಲೇ ಮಾಯವಾದರು. ‘ಡಾ. ಬಿ.ಆರ್. ಅಂಬೇಡ್ಕರ್ ರಸ್ತೆ’ ಎಂದು ಒಂದೇ ಅಳತೆಯಲ್ಲಿ ಬರೆದರೆ ನಾಳೆ ‘ಬಿ.ಆರ್.ಎ. ರೋಡ್’ ಆದೀತು. ನಿರ್ಣಯದಲ್ಲಿ ಪೂರ್ತಿ ಹೆಸರಿರಲಿ. ಫಲಕದಲ್ಲಿ ‘ಅಂಬೇಡ್ಕರ್ ರಸ್ತೆ’ ದೊಡ್ಡದಾಗಿ, ಪೂರ್ಣ ಹೆಸರು ಮೇಲೆ ಚಿಕ್ಕದಾಗಿ ಬರಲಿ. ಷಿಕಾಗೋದಲ್ಲಿ 1968ರಲ್ಲಿ ಕಿಂಗ್ ಹೆಸರಿಟ್ಟ ರಸ್ತೆಯನ್ನು ಜನ ಇವತ್ತಿಗೂ ‘ಕಿಂಗ್ ಡ್ರೈವ್’ ಎನ್ನುತ್ತಾರೆ, ಮೊಟಕಾದರೂ ಮನುಷ್ಯ ಉಳಿದಿದ್ದಾರೆ. ಊರಲ್ಲಿ ಆಗಲೇ ಅಂಬೇಡ್ಕರ್ ನಗರವೋ ಬಡಾವಣೆಯೋ ಇದ್ದರೆ ಆಂಬುಲೆನ್ಸ್‌ನವರು ಅಲ್ಲಿಗೆ ಹೋಗುವ ಅಪಾಯವಿದೆ, ಫಲಕದ ಕೆಳಗೆ ವಾರ್ಡ್ ಸಂಖ್ಯೆ ಹಾಕಿಸಿ.

ಫಲಕ ಬರೆಯುವವರ ಬಳಿ ಕರಡನ್ನು ಕಣ್ಣಾರೆ ನೋಡದೆ ಒಪ್ಪಬೇಡಿ. ‘ಅಂಬೇಡ್ಕರ್’ ಪದದ ಡಕಾರಕ್ಕೆ ಕಕಾರದ ಒತ್ತು, ‘ರಸ್ತೆ’ಯ ಸಕಾರಕ್ಕೆ ತಕಾರದ ಒತ್ತು, ಎರಡೂ ಸಾಲಿನ ಕೆಳಗಿಳಿಯುತ್ತವೆ. ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಅಂಚು ಬಿಟ್ಟರೆ ಒತ್ತುಗಳು ಚೌಕಟ್ಟಿಗೆ ಸಿಕ್ಕಿ ಅರ್ಧಕ್ಕೆ ಕತ್ತರಿಸುತ್ತವೆ. ಅಕ್ಷರದ ಎತ್ತರ 10 ಸೆಂ.ಮೀ. ಇದ್ದರೆ ಕೆಳಗೆ 6 ಸೆಂ.ಮೀ. ಖಾಲಿ ಬಿಡಿಸಿ. ‘ಅಂಬೆಡ್ಕರ್’, ‘ಅಂಬೇಢ್ಕರ್’ ಎಂಬ ತಪ್ಪುಗಳು ಮುದ್ರಣಕ್ಕೆ ಹೋದ ಮೇಲೆ ಕಂಡರೆ ಏನೂ ಮಾಡಲಾಗದು. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ.

ಬಣ್ಣ ಬಳಿದ ಕಬ್ಬಿಣದ ತಗಡು ನಮ್ಮ ಮಳೆಗೆ ಎರಡು ಮುಂಗಾರು ದಾಟುವುದಿಲ್ಲ. ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ರಾತ್ರಿ ದೀಪಕ್ಕೆ ಹೊಳೆಯುವ ಹಾಳೆ, ಎರಡು ಇಂಚಿನ ಜಿಐ ಪೈಪಿನ ಎರಡು ಕಂಬ ಎಂದು ಅಂದಾಜುಪಟ್ಟಿಯಲ್ಲೇ ಬರೆಸಿ. ಪೈಪಿನ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಮಳೆನೀರು ಒಳಗಿಳಿದು ಬುಡದಲ್ಲಿ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗೆ ಕಂಬ ಚೆನ್ನಾಗಿಯೇ ಕಾಣುತ್ತಿರುತ್ತದೆ. ಗುಂಡಿ ಎರಡು ಅಡಿ ಆಳ, 1:2:4 ಕಾಂಕ್ರೀಟ್. ಕಾಂಕ್ರೀಟಿನ ತಲೆ ನೆಲಕ್ಕಿಂತ ಮೂರು ಇಂಚು ಮೇಲೆ ಬಂದು ಹೊರಕ್ಕೆ ಇಳಿಜಾರಾಗಿರಲಿ. ಫಲಕದ ಕೆಳ ಅಂಚು ನೆಲದಿಂದ ಏಳು ಅಡಿ ಎತ್ತರದಲ್ಲಿರಲಿ. ಇಳಿಜಾರು ರಸ್ತೆಯಾದರೆ ಬರೆಯ (ಮಣ್ಣಿನ ದಿಬ್ಬದ) ಅಂಚಿನಲ್ಲಿ ಕಂಬ ಬೇಡ, ಆಗಸ್ಟಿನ ಮಳೆಗೆ ಮಣ್ಣಿನ ಜೊತೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಪಾಚಿ ಒರೆಸಿ.

ಜಂಕ್ಷನ್‌ನಲ್ಲಿ ಪ್ರತಿಮೆಯೂ ಇರಲಿ ಎಂಬ ಮಾತು ಖಂಡಿತ ಬರುತ್ತದೆ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶಿಸಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಪ್ರತಿಮೆಯ ಕಾರಣಕ್ಕೆ ಹೆಸರೂ ನಿಲ್ಲುತ್ತದೆ.

ಅಂತಿಮ ನಿರ್ಣಯ ಬಂದ ವಾರವೇ ಅದರ ದೃಢೀಕೃತ ನಕಲುಗಳನ್ನು ಹತ್ತಾದರೂ ತೆಗೆದಿಟ್ಟುಕೊಳ್ಳಿ. ಮಡಿಕೇರಿಯ ಅಂಚೆ ಅಧೀಕ್ಷಕರಿಗೆ, ನಿಮ್ಮ ಬೀದಿಯ ಅಂಚೆಯಣ್ಣನಿಗೆ, ಸೆಸ್ಕ್ ಉಪವಿಭಾಗಕ್ಕೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಒಂದೊಂದು. ಗೂಗಲ್ ಮ್ಯಾಪಿನಲ್ಲಿ ತಿದ್ದುಪಡಿ ಸೂಚಿಸುವಾಗ ಫಲಕದ ಚಿತ್ರ ಲಗತ್ತಿಸಿ. ಮನೆಯವರೆಲ್ಲ ಪತ್ರಗಳಲ್ಲಿ, ಮದುವೆ ಕರೆಯೋಲೆಯಲ್ಲಿ, ಶಾಲೆಯ ಅರ್ಜಿಯಲ್ಲಿ ಹೊಸ ಹೆಸರನ್ನೇ ಬರೆಯಲಿ. ಫ್ರೇಸರ್‌ಪೇಟೆ ಕುಶಾಲನಗರವಾಗಿ ಎಷ್ಟೋ ಕಾಲವಾದರೂ ಹಳೆಯ ಹೆಸರು ಕೆಲವರ ಬಾಯಲ್ಲಿ ಉಳಿದಿದೆ, ಬಾಯಿಮಾತು ಬದಲಾಗಲು ಒಂದು ತಲೆಮಾರು ಹಿಡಿಯುತ್ತದೆ.

ಏಪ್ರಿಲ್ 14ರ ಲೆಕ್ಕ: ಮಾಹಿತಿ ಹಕ್ಕಿಗೆ ಒಂದು ತಿಂಗಳು, ಸಹಿಗೆ ಒಂದು, ಮೊದಲ ಸಭೆಗೆ ಒಂದು, ಆಕ್ಷೇಪಣೆಗೆ ಒಂದು, ಎರಡನೆಯ ಸಭೆ ಮತ್ತು ಅನುಮೋದನೆಗೆ ಕನಿಷ್ಠ ಎರಡು, ಫಲಕಕ್ಕೆ ಮೂರು ವಾರ. ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣದೊಳಗೆ ಮಾಹಿತಿ ಹಕ್ಕಿನ ಉತ್ತರವೂ ಸಹಿಪಟ್ಟಿಯೂ ಕೈಯಲ್ಲಿದ್ದು ಅರ್ಜಿ ಟಪಾಲಿಗೆ ಬಿದ್ದಿದ್ದರೆ ಏಪ್ರಿಲ್‌ಗೆ ಆಗುತ್ತದೆ. ಇಲ್ಲದಿದ್ದರೆ ಅವಸರಕ್ಕೆ ಬಿದ್ದು ಆಕ್ಷೇಪಣೆಯ 30 ದಿನವನ್ನು ಮೊಟಕು ಮಾಡಿಸಬೇಡಿ. ಸಂವಿಧಾನ ದಿನವಾದ ನವೆಂಬರ್ 26 ಇದೆ. ಮಳೆ ನಿಂತು ನೆಲ ಗಟ್ಟಿಯಾಗಿರುತ್ತದೆ, ಕಂಬ ನೆಡುವುದಕ್ಕೂ ಅದೇ ಒಳ್ಳೆಯ ಕಾಲ.